ಟೊಮೇಟೊ ಗಾಡಿಯೂ ನನ್ನ ಟರ್ಬೋ ಹಟವೂ

ಸಿಟ್ಟು ಮಾಡಿಕೊಳ್ಳುವುದಕ್ಕೂ ತಕ್ಕ ಎದುರಾಳಿ ಬೇಕು ಎನ್ನುವುದು ನನ್ನ ನಂಬಿಕೆ. ಮೇಲಧಿಕಾರಿಯ ಮೇಲೆ ಸಿಟ್ಟು ಬಂದರೆ ಅದಕ್ಕೊಂದು ಘನತೆ ಇರುತ್ತದೆ. ಸರ್ಕಾರದ ಮೇಲೆ ಬಂದರೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರೂ ತಲೆಯಾಡಿಸುತ್ತಾರೆ. ಆದರೆ ಮೂರು ತಿಂಗಳಿಂದ ನನಗೆ ಊಟ ರುಚಿಸದ ಹಾಗೆ ಮಾಡಿದ್ದು ಟೊಮೇಟೊ ತುಂಬಿದ ಒಂದು ಪಿಕಪ್ ಗಾಡಿ. ಇದನ್ನು ಯಾರಿಗೆ ಹೇಳಿದರೂ ನಗುತ್ತಾರೆ. ನೀವು ನಗುವುದಾದರೆ ದಯವಿಟ್ಟು ಆ ಕಡೆ ತಿರುಗಿ ನಗಿ.

ನನ್ನ ಹತ್ತಿರ ಒಂದು ಸ್ಪೋರ್ಟ್ಸ್ ಕಾರಿದೆ. ಮುಳಬಾಗಿಲಿನಲ್ಲಿ ಮನೆ, ನರಸಾಪುರದ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಕೆಲಸ, ಓಡಾಟ ಕಂಪನಿ ಬಸ್ಸಿನಲ್ಲಿ. ಇಂಥವನಿಗೆ ಸ್ಪೋರ್ಟ್ಸ್ ಕಾರು ಯಾಕೆ ಎಂದು ನೀವು ಕೇಳುವ ಮೊದಲೇ ನನ್ನ ಹೆಂಡತಿ ಗಿರಿಜಾ ಕೇಳಿಯಾಗಿದೆ. ಬೆಂಗಳೂರಿನ ಯಾರೋ ಜಪಾನಿನಿಂದ ತರಿಸಿಕೊಂಡು, ನಾಲ್ಕು ವರ್ಷಕ್ಕೆ ಸಾಕಾಗಿ, ಎರಡು ವರ್ಷದ ಹಿಂದೆ ನನಗೆ ಮಾರಿದ ಕಾರದು. ನಮ್ಮ ಬೀದಿಯಲ್ಲಿರುವ ಮೂರು ಹಂಪುಗಳಲ್ಲಿ ಮೂರಕ್ಕೂ ಅದರ ಹೊಟ್ಟೆ ಉಜ್ಜುತ್ತದೆ. ಆದ್ದರಿಂದ ಅದು ಭಾನುವಾರ ಮಾತ್ರ, ನಾನು ಕುಂಟೆಬಿಲ್ಲೆ ಆಡುವವನ ಹಾಗೆ ಓರೆಯಾಗಿ ಹಂಪು ದಾಟಿಸಿದ ಮೇಲೆ ಹೊರಗೆ ಬರುತ್ತದೆ.

ಅದರ ಹೆಚ್ಚುಗಾರಿಕೆ ಇರುವುದು ಇಂಜಿನ್ನಿನಲ್ಲಿ. ಉಳಿದ ಕಾರುಗಳಲ್ಲಿ ಪಿಸ್ಟನ್ನುಗಳು ಒನಕೆಯ ಹಾಗೆ ಮೇಲೆ ಕೆಳಗೆ ಕುಟ್ಟುತ್ತವೆ. ಇದರಲ್ಲಿ ಪಿಸ್ಟನ್ನೇ ಇಲ್ಲ. ಮೂರು ಮೂಲೆಯ ಒಂದು ದಪ್ಪ ಬಿಲ್ಲೆ, ಒರಳಿನಲ್ಲಿ ಗುಂಡು ತಿರುಗುವ ಹಾಗೆ, ಒಳಗೇ ಸುತ್ತುತ್ತದೆ. ರೋಟರಿ ಇಂಜಿನ್ ಎನ್ನುತ್ತಾರೆ. ಕಾರು ನೋಡಲು ಬಂದವರಿಗೆಲ್ಲ ಇದನ್ನು ಕೈ ತಿರುಗಿಸಿ ತಿರುಗಿಸಿ ವಿವರಿಸಿದ್ದೇನೆ. ಅವರು ಎಲ್ಲವನ್ನೂ ಸಾವಧಾನವಾಗಿ ಕೇಳಿ, ಕಾಫಿ ಲೋಟ ಕೆಳಗಿಟ್ಟು, ಒಂದೇ ಒಂದು ಪ್ರಶ್ನೆ ಹಾಕುತ್ತಾರೆ: "ಎಷ್ಟು ಕೊಡ್ತೈತೆ ಸಾರ್?" ಲೀಟರಿಗೆ ಏಳು ಕಿಲೋಮೀಟರ್ ಎಂದರೆ ಸಾವಿನ ಮನೆಗೆ ಬಂದವರ ಹಾಗೆ ಮುಖ ಮಾಡಿಕೊಂಡು ಎದ್ದು ಹೋಗುತ್ತಾರೆ. ಆನೆ ತಂದು ಕಟ್ಟಿದರೂ ಹುಲ್ಲಿನ ಖರ್ಚು ಕೇಳುವ ಜನ.

ಅವರನ್ನೂ ಪೂರ್ತಿ ಬಯ್ಯಲಾರೆ. ನಮ್ಮಪ್ಪನೂ ಹಾಗೇ ಇದ್ದರು. ಕುರುಡುಮಲೆಯ ಗಣಪತಿಗೆ ನನ್ನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಹೋಗುವಾಗ ಒಂದಿಷ್ಟು ಇಳಿಜಾರು ಸಿಕ್ಕರೆ ಸಾಕು, ಇಂಜಿನ್ ಆಫ್ ಮಾಡುತ್ತಿದ್ದರು. "ಇಳಿಯಾಕೂ ಪೆಟ್ರೋಲ್ ಯಾಕೋ?" ಎನ್ನುತ್ತಿದ್ದರು. ನನಗೆ ಕಾರು ಓಡಿಸುವುದು ಕಲಿಸಿದ್ದೂ ಅವರೇ. ಆಕ್ಸಿಲರೇಟರ್ ಕೆಳಗೆ ಕೋಳಿಮೊಟ್ಟೆ ಇದೆ ಎಂದುಕೊಂಡು ಕಾಲಿಡು, ಆದಷ್ಟು ಬೇಗ ಟಾಪ್ ಗೇರಿಗೆ ಹಾಕು, ಆಮೇಲೆ ಸುಮ್ಮನೆ ಕೂತಿರು. ಇಷ್ಟೇ ಅವರ ಪಾಠ.

ಇನ್ನು ಆ ದಿನದ ವಿಷಯಕ್ಕೆ ಬರುತ್ತೇನೆ. ಒಂದು ಭಾನುವಾರ ಗಿರಿಜಾಳನ್ನು ಕೂರಿಸಿಕೊಂಡು ಹೈವೇಯಲ್ಲಿ ಕೋಲಾರದ ಕಡೆ ಹೊರಟಿದ್ದೆ. ಏರು ಬಂತು. ಹಿಂದಿನಿಂದ ಹಾರ್ನ್ ಕೇಳಿತು. ನೋಡಿದರೆ ರಾಯಲ್ಪಾಡಿನ ಕಡೆಯಿಂದ ಮಾರ್ಕೆಟ್ಟಿಗೆ ಹೊರಟ ಪಿಕಪ್. ತಲೆಯ ಮೇಲಿನವರೆಗೆ ಟೊಮೇಟೊ ಕ್ರೇಟು. ಅದು ಆರಾಮವಾಗಿ ನನ್ನ ಪಕ್ಕಕ್ಕೆ ಬಂತು. ಡ್ರೈವರ್ ಎತ್ತರದ ಸೀಟಿನಿಂದ ಬಗ್ಗಿ ನೋಡಿ, ನಿಜವಾದ ಕಳಕಳಿಯಿಂದ, "ಏಂ ಸಾರ್, ಬಂಡಿ ಟ್ರಬುಲಾ?" ಎಂದು ಕೇಳಿದ. ನಾನು ಇಲ್ಲ ಎಂದು ಕೈಯಾಡಿಸಿದೆ. ಅವನು ನಂಬದೆ, ಮುಂದೆ ಎಡಗಡೆ ಒಂದು ಗ್ಯಾರೇಜ್ ಇದೆ ಎಂದು ಬೆರಳು ತೋರಿಸಿ ಮುಂದೆ ಹೋದ. ಅವನು ಅಣಕಿಸಿದ್ದರೆ ನಾನು ಮರೆತುಬಿಡುತ್ತಿದ್ದೆ. ಕನಿಕರಪಟ್ಟನಲ್ಲ, ಅದನ್ನು ಸಹಿಸಲು ನನ್ನಿಂದ ಆಗಲಿಲ್ಲ.

ಅಂದೇ ತೀರ್ಮಾನಿಸಿದೆ, ಕಾರಿಗೆ ಟರ್ಬೋ ಹಾಕಿಸಲೇಬೇಕು. ಇಂಜಿನ್ನಿನಿಂದ ವ್ಯರ್ಥವಾಗಿ ಹೊರಗೆ ಹೋಗುವ ಹೊಗೆಯಿಂದಲೇ ಒಂದು ಪುಟ್ಟ ಫ್ಯಾನು ತಿರುಗಿಸಿ, ಅದರಿಂದ ಇಂಜಿನ್ನಿಗೆ ಇನ್ನಷ್ಟು ಗಾಳಿ ತುರುಕುವ ಉಪಾಯ ಅದು. ಕುಲುಮೆಗೆ ತಿದಿ ಒತ್ತಿದ ಹಾಗೆ. ಗಿರಿಜಾ ಹುರುಳಿಕಾಯಿ ಹೆಚ್ಚುತ್ತಾ ಎಲ್ಲವನ್ನೂ ಕೇಳಿದಳು. "ರೀ, ವಾರಕ್ಕೊಂದಿನ ಹೊರಗೆ ಬರೋ ಗಾಡಿ. ಹಂಪ್ ದಾಟ್ಸೋಕೇ ಕಾಲು ಗಂಟೆ ಬೇಕು ನಿಮ್ಗೆ. ಬೇಗ ಹೋಗಿ ಏನ್ ಮಾಡ್ತೀರಾ?" ಎಂದಳು. ಮಾನದ ಪ್ರಶ್ನೆಯನ್ನು ಹುರುಳಿಕಾಯಿಯ ಜೊತೆ ಹೆಚ್ಚಿಹಾಕುವವರ ಹತ್ತಿರ ಏನು ಮಾತಾಡುವುದು? ಮೂರು ತಿಂಗಳು ದುಡ್ಡು ಕೂಡಿಹಾಕಿ, ಕಾರು ತೆಗೆದುಕೊಂಡು ಕೋಲಾರದ ಮಸ್ತಾನ್ ಸಾಹೇಬರ ಗ್ಯಾರೇಜಿಗೆ ಹೋದೆ.

ಮಸ್ತಾನ್ ಸಾಹೇಬರು ನಮ್ಮಪ್ಪನ ಮೊಪೆಡ್ಡನ್ನೂ ರಿಪೇರಿ ಮಾಡಿದವರು. ಕಾದ ಬಾನೆಟ್ಟಿನ ಮೇಲೆ ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ಕೈಯಿಟ್ಟು ನನ್ನ ಮಾತು ಕೇಳಿದರು. ಕೇಳಿ ಒಂದೇ ಮಾತು ಹೇಳಿದರು: "ನಕ್ಕೋ ಸಾಬ್."

ಬೇಡ ಅಂದರೆ ಏನರ್ಥ ಎಂದು ನಾನು ರೇಗಿದೆ.

"ಆ ಬಿಲ್ಲೆ ಮೂಲೆಗೆ ಒಂದೊಂದು ಪಟ್ಟಿ ಇದೆ ಸಾಬ್, ಸೀಲು. ಟರ್ಬೋ ಕೂರ್ಸಿದ್ರೆ ಬಿಸಿ ಜಾಸ್ತಿ, ಒತ್ತಡ ಜಾಸ್ತಿ. ಆ ಪಟ್ಟಿ ಮುರೀತು ಅಂದ್ರೆ ಇಂಜಿನ್ ಖತಂ. ಇಲ್ಲಿಂದ ಮದ್ರಾಸ್‌ವರ್ಗೂ ಹುಡುಕಿದ್ರೂ ಸಿಗಲ್ಲ. ಆಮೇಲೆ ಈ ಗಾಡೀಲಿ ಕೋಳಿ ಸಾಕ್ಬೇಕು."

ಪಿಕಪ್ಪಿನ ಮುಂದೆ ಮಾನ ಕಳೆದುಕೊಂಡೇ ಬದುಕಬೇಕೇ ಎಂದು ಕೇಳಿದೆ. "ಅದ್ರಲ್ಲಿ ಕಂಪನಿಯಿಂದಾನೇ ಟರ್ಬೋ ಬರ್ತದೆ ಸಾಬ್," ಎಂದರು. ನನಗೆ ಮೈ ಉರಿದುಹೋಯಿತು. ಟೊಮೇಟೊಗೆ ಟರ್ಬೋ ಇರಬಹುದಂತೆ, ಸ್ಪೋರ್ಟ್ಸ್ ಕಾರಿಗೆ ಬೇಡವಂತೆ. ಇದು ಯಾವ ಊರಿನ ನ್ಯಾಯ? ನೀವು ಹಾಕದಿದ್ದರೆ ಬೆಂಗಳೂರಿನಲ್ಲಿ ಹಾಕಿಸುತ್ತೇನೆ, ಮುರಿದರೆ ಮುರಿಯಲಿ ಎಂದುಬಿಟ್ಟೆ. ಹೇಳಿದ ಮರುಕ್ಷಣವೇ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆನಿಸಿತು. ಆ ಇಂಜಿನ್ನಿನ ಸದ್ದನ್ನು ನಾನು ಪ್ರೀತಿಸುತ್ತೇನೆ; ಅದು ನಿಂತುಹೋದರೆ ನನಗಿರುವ ಒಂದೇ ಒಂದು ಐಷಾರಾಮವೂ ಹೋದ ಹಾಗೆ.

ಸಾಹೇಬರು ಸಿಟ್ಟಾಗಲಿಲ್ಲ. "ಒಂದ್ ರೌಂಡ್ ಹೋಗ್ಬರೋಣ, ನಡೀರಿ," ಎಂದು ಪಕ್ಕದಲ್ಲಿ ಕೂತರು. ನಾನು ಹೈವೇಗೆ ಬಂದು, ಎಂದಿನ ಹಾಗೆ ನಲವತ್ತರ ವೇಗಕ್ಕೆಲ್ಲ ಟಾಪ್ ಗೇರಿಗೆ ಹಾಕಿ, ಮೊಟ್ಟೆಯ ಮೇಲೆ ಕಾಲಿಟ್ಟು ಸುಮ್ಮನೆ ಕೂತೆ. ಅವರು ನನ್ನ ಕಾಲು ನೋಡಿದರು. ಆಮೇಲೆ ಇಂಜಿನ್ ಎಷ್ಟು ಸುತ್ತುತ್ತಿದೆ ಎಂದು ತೋರಿಸುವ ಮುಳ್ಳನ್ನು ನೋಡಿದರು.

"ಇದ್ರಲ್ಲಿ ಹತ್ತರವರ್ಗೂ ಬರ್ದಿದಾರೆ. ನೀವು ಎಷ್ಟರವರ್ಗೂ ಹೋಗಿದೀರಾ ಸಾಬ್?"

"ಮೂರು," ಎಂದೆ ಹೆಮ್ಮೆಯಿಂದ.

ಅವರು ಕಾರು ನಿಲ್ಲಿಸಲು ಹೇಳಿ, ನನ್ನನ್ನು ಇಳಿಸಿ, ತಾವು ಕೂತರು. ಎರಡನೇ ಗೇರಿನಲ್ಲೇ ಕಾಲು ಒತ್ತಿದರು. ಮುಳ್ಳು ಐದು ದಾಟಿತು, ಏಳು ದಾಟಿತು. ನನ್ನ ಬೆನ್ನು ಸೀಟಿಗೆ ಅಂಟಿತು, ರಸ್ತೆಯ ಪಕ್ಕದ ಮಾವಿನ ಮರಗಳು ಹಿಂದಕ್ಕೆ ಓಡಿದವು. ಅಷ್ಟರಲ್ಲಿ ಎಲ್ಲಿಂದಲೋ ಪೀಂ ಎಂದು ಸದ್ದು ಬಂತು. ಏನೋ ಕೆಟ್ಟಿತು, ನಿಲ್ಲಿಸಿ ಎಂದು ನಾನು ಕೂಗಿದೆ.

ಸಾಹೇಬರು ನಿಧಾನವಾಗಿ ಮೂರನೇ ಗೇರಿಗೆ ಹಾಕಿದರು. "ಈವಾಗ ಗೇರ್ ಬದಲಾಯ್ಸು ಅಂತ ಗಾಡಿ ಹೇಳೋದು ಸಾಬ್ ಅದು. ಮೇಲಿನ ನಂಬರಲ್ಲೇ ಇದರ ತಾಕತ್ತೆಲ್ಲ ಇರೋದು. ಎರಡ್ ವರ್ಷದಲ್ಲಿ ಒಂದ್ಸಲಾನೂ ಕೇಳಿಲ್ವಾ?" ಎಂದರು. ಗ್ಯಾರೇಜಿಗೆ ವಾಪಸು ಬಂದು ಗಾಡಿ ನಿಲ್ಲಿಸಿದರು. "ಟರ್ಬೋ ಬೇಡ ಬಿಡಿ. ನಿಮ್ಮಪ್ಪನ್ನ ಒಂಚೂರು ಕಾಲಿಂದ ಇಳ್ಸಿ," ಎಂದು ಕೀಲಿ ಕೈಗಿಟ್ಟರು.

ಟರ್ಬೋ ಯೋಚನೆ ಬಿಟ್ಟೆ. ಮುಂದಿನ ಭಾನುವಾರ ಗಿರಿಜಾಳ ಜೊತೆ ಅದೇ ರಸ್ತೆ, ಅದೇ ಏರು. ನನ್ನ ಅದೃಷ್ಟಕ್ಕೆ ಮುಂದೆ ಅದೇ ಟೊಮೇಟೊ ಗಾಡಿ. ಎರಡನೇ ಗೇರಿಗೆ ಇಳಿಸಿ ಮೊಟ್ಟೆಯನ್ನು ಒಡೆದೇ ಬಿಟ್ಟೆ. ಮುಳ್ಳು ಆರಕ್ಕೆ ಹೋಯಿತು, ಎಂಟಕ್ಕೆ ಹೋಯಿತು. ಏರಿನ ತುದಿಯಲ್ಲಿ ನಾನು ಅವನ ಪಕ್ಕದಲ್ಲಿದ್ದೆ. ಅವನು ಬಗ್ಗಿ ನೋಡಿದ, ಕಣ್ಣರಳಿಸಿದ. ಆ ಮುಖ ನೋಡಲು ನಾನು ಮೂರು ತಿಂಗಳು ಕಾದಿದ್ದೆ. ಪೀಂ ಎನ್ನುವ ಸದ್ದೂ ಬಂತು.

ಆಗ ಇಳಿಜಾರು ಶುರುವಾಯಿತು. ನನ್ನನ್ನು ಒಂದು ಮಾತೂ ಕೇಳದೆ ನನ್ನ ಎಡಗೈ ಗೇರನ್ನು ನ್ಯೂಟ್ರಲ್ಲಿಗೆ ಹಾಕಿತು, ಕಾಲು ತಾನಾಗಿ ಮೇಲೆದ್ದಿತು. ಪಿಕಪ್ಪು ನಮ್ಮನ್ನು ದಾಟಿಕೊಂಡು ಹೋಯಿತು. ಹೋಗುತ್ತಾ ಅವನು ಕಿಟಕಿಯಿಂದ ಕೈ ಹೊರಗೆ ಹಾಕಿ, ಎಡಗಡೆಯ ಗ್ಯಾರೇಜನ್ನು ಮತ್ತೆ ತೋರಿಸಿದ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಯಾರ ಮೇಲೆ ಎಂದು ಗಿರಿಜಾ ಕೇಳಲಿಲ್ಲ.