ಅಮ್ಮನ ರಕ್ತದೊತ್ತಡದ ನೇರ ಪ್ರಸಾರ

ಇನ್ನು ನನ್ನ ತಾಯಿ ಯಾವ ಆಸ್ಪತ್ರೆಯ ಬೆಂಚನ್ನೂ ಸವೆಸುವುದಿಲ್ಲ ಎಂದು ನನ್ನ ಅಂಕಣದಲ್ಲೇ ಘೋಷಿಸಿಬಿಟ್ಟೆ. ಎರಡು ನಿಮಿಷ ಬಿ.ಪಿ. ನೋಡಲು ವಯಸ್ಸಾದವರನ್ನು ನಾಲ್ಕು ಗಂಟೆ ಕೂರಿಸುವ ವ್ಯವಸ್ಥೆಗೆ ಧಿಕ್ಕಾರ!

ಮರುದಿನವೇ ಯಂತ್ರ ಮನೆಗೆ ಬಂತು. ತೋಳಿಗೆ ಪಟ್ಟಿ ಕಟ್ಟಿ ಗುಂಡಿ ಒತ್ತಿದರೆ ಸಾಕು. ಅಂಕಿ ಗಾಳಿಯಲ್ಲೇ ಹಾರಿ ನಮ್ಮ ಡಾಕ್ಟರ ಫೋನಿಗೆ ಇಳಿಯುತ್ತದೆ. ದಿನಕ್ಕೆ ಒಂದೇ ಸಲ, ಮೊದಲು ಅಳೆದದ್ದು ಮಾತ್ರ. ಯಂತ್ರಕ್ಕೆ ಪರದೆ ಇಲ್ಲ. ನಾವು ನೋಡಿ ಗಾಬರಿಯಾಗಬಾರದಂತೆ.

"ನಾನೇ ಕಟ್ಕೋತೀನಿ ಕೊಡೋ," ಎಂದಳು ಅಮ್ಮ.

"ನಿನಗೆ ಬರಲ್ಲ. ಮೊದಲು ನಾನು ಕಟ್ಕೊಂಡು ತೋರಿಸ್ತೀನಿ, ಆಮೇಲೆ ನೀನು."

ಪ್ರತಿ ಬೆಳಿಗ್ಗೆ ಇದೇ ಪಾಠ. ಎಡತೋಳಿಗೆ ಪಟ್ಟಿ, ಬಲಗೈಯಲ್ಲಿ ಪತ್ರಿಕೆ. ಪಟ್ಟಿ ಉಬ್ಬಿ ಇಳಿಯುವಷ್ಟರಲ್ಲಿ ರಸ್ತೆ ಕೆಡಿಸಿದ ಗುತ್ತಿಗೆದಾರನನ್ನೂ, ನನ್ನ ಲೇಖನಕ್ಕೆ ಕತ್ತರಿ ಹಾಕಿದ ಸಂಪಾದಕನನ್ನೂ ಬೈದು ಮುಗಿಸುತ್ತಿದ್ದೆ. ಆಮೇಲೆ ಅಮ್ಮನ ಸರದಿ.

ಮೂರನೇ ದಿನ ಡಾಕ್ಟರ ಸಂದೇಶ ಬಂತು: ಒತ್ತಡ ಜಾಸ್ತಿ, ಉಪ್ಪು ನಿಲ್ಲಿಸಿ. ಐದನೇ ದಿನ: ಮೆಟ್ಟಿಲು ಹತ್ತಿಸಬೇಡಿ. ಮಹಡಿಯಲ್ಲಿದ್ದ ಅಮ್ಮನ ಮಂಚ ಕೆಳಗಿಳಿಯಿತು.

"ನಂಗೇನೂ ಆಗಿಲ್ಲ ಕಣೋ, ಗಟ್ಟಿಯಾಗಿದೀನಿ."

"ಅಂಕಿ ಸುಳ್ಳು ಹೇಳಲ್ಲಮ್ಮ."

ಎಂಟನೇ ದಿನ ಸಂದೇಶವಲ್ಲ, ಕರೆಯೇ ಬಂತು. ನೂರ ತೊಂಬತ್ತು! ತಕ್ಷಣ ಕರೆತನ್ನಿ, ಅಡ್ಮಿಟ್ ಮಾಡಬೇಕಾದೀತು. ಅಮ್ಮ ಸದ್ದಿಲ್ಲದೆ ಕಿವಿಯ ಓಲೆ ಬಿಚ್ಚಿ ನನ್ನ ಹೆಂಡತಿಯ ಕೈಗಿಟ್ಟಳು. "ಬಂದ್ರೆ ವಾಪಸ್ ಕೊಡಮ್ಮ." ವ್ಯವಸ್ಥೆಯನ್ನೇ ನಡುಗಿಸುವ ನಾನು ಆಟೋ ತರಲು ಬರಿಗಾಲಲ್ಲೇ ಓಡಿದೆ.

ಡಾಕ್ಟರು ತಮ್ಮ ಕೈಯಾರೆ ಎರಡೆರಡು ಸಲ ಅಳೆದರು. ನೂರ ಇಪ್ಪತ್ತು, ಎಂಬತ್ತು.

"ನನ್ನ ಬಿ.ಪಿ.ಗಿಂತ ಚೆನ್ನಾಗಿದೆ. ಹಾಗಾದ್ರೆ ನನಗೆ ದಿನಾ ಬರ್ತಿದ್ದದ್ದು ಯಾರದ್ದು?"

ಯಂತ್ರ ಮಾರುವವರ ಮೋಸದ ಬಗ್ಗೆ ಗುಡುಗಲು ನಾನು ಬಾಯಿ ತೆರೆದೆ. ಜೊತೆಗೇ ಬಂದಿದ್ದ ಹೆಂಡತಿ ನನಗಿಂತ ಚುರುಕು.

"ಡಾಕ್ಟ್ರೇ, ಮೊದಲು ಅಳೆದದ್ದಷ್ಟೇ ಅಲ್ವಾ ನಿಮಗೆ ಬರೋದು? ದಿನಾ ಮೊದಲು ಪಟ್ಟಿ ಕಟ್ಕೊಳ್ಳೋದು ಇವರು. ಪೇಪರ್ ಓದ್ಕೊಂಡು."

"ಅದು ಬರೀ ತೋರಿಸೋಕೆ," ಎಂದೆ.

ಅಮ್ಮ ರೋಗಿಯ ಕುರ್ಚಿಯಿಂದ ಎದ್ದಳು. ಭುಜ ಹಿಡಿದು ನನ್ನನ್ನು ಅದರಲ್ಲಿ ಕೂರಿಸಿದಳು.

"ತೋರಿಸಿದೆಯಲ್ಲಪ್ಪ, ಅವರೂ ನೋಡಿದ್ರು. ಈಗ ಬಾಯಿ ಮುಚ್ಕೊಂಡು ತೋಳು ಚಾಚು."