ಅಳಿಯದೇವರ ಗಟ್ಟಿ ಚಕ್ರ

ಮೊಮ್ಮಗಳು ಹುಟ್ಟಿದ್ದಾಳೆ! ಇವತ್ತು ಬೆಳಿಗ್ಗೆ, ಮುಳಬಾಗಿಲಿನ ಆಸ್ಪತ್ರೆಯಲ್ಲಿ. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಕುಣಿಯಬೇಕು ಅನ್ನಿಸುತ್ತಿದೆ, ಮಂಡಿ ಬಿಡುತ್ತಿಲ್ಲ. ಇಷ್ಟು ಸಂತೋಷದಲ್ಲೂ ನನಗೆ ಸಿಟ್ಟು ಬರಿಸುವವರು ಜಗತ್ತಿನಲ್ಲಿ ಒಬ್ಬರೇ: ನಮ್ಮ ಅಳಿಯದೇವರು.

ಹೋದ ದೀಪಾವಳಿಗೆ ಅವರಿಗೆ ಮೋಟರ್ ಬೈಕು ಕೊಡಿಸೋಣವೆಂದಿದ್ದೆವು. ಅವರು ಸೈಕಲ್ ಕೇಳಿದರು! ಅದೂ ಹೈಬ್ರಿಡ್ ಸೈಕಲ್ಲಂತೆ. ಟಾರು ರೋಡಿಗೂ ಆಗುತ್ತದಂತೆ, ಮಣ್ಣುದಾರಿಗೂ ಆಗುತ್ತದಂತೆ. ನಮಗೆ ಗೊತ್ತಿದ್ದ ಹೈಬ್ರಿಡ್ ಟೊಮೆಟೊ ತೋಟದಲ್ಲಿತ್ತು. ಅಳಿಯನಿಗೆ ಸೈಕಲ್ ಕೊಟ್ಟರೆ ನಮ್ಮ ಮರ್ಯಾದೆ ಏನಾಗಬೇಕು? ಪಕ್ಕದ ಮನೆಯವಳು ಆಗಲೇ ತೆಲುಗಿನಲ್ಲಿ ರಾಗ ಎಳೆದಿದ್ದಳು: "ಅಲ್ಲುಡಿಕಿ ಸೈಕಿಲಾ ಅಕ್ಕಾ?"

"ಬೈಕಾದ್ರೆ ಬೆವರೋದು ಬೈಕು ಅತ್ತೆ. ಬೆವರ್ಬೇಕಾಗಿರೋದು ನಾನು" ಎಂದರು ಅಳಿಯ.

ಅದೇನೋ ನಿಜ. ಅವರು ಭಾರಿ ಆಳು. ಅವರಪ್ಪನೂ ಹಾಗೇ ಇದ್ದು, ಇವರು ಸ್ಕೂಲಿಗೆ ಸೇರುವ ಮುಂಚೆಯೇ ಎದೆ ಹಿಡಿದುಕೊಂಡು ಹೋದವರು. ಮಗಳು ಬಸುರಿಯೆಂದು ತಿಳಿದ ವಾರವೇ ಡಾಕ್ಟರು ಇವರಿಗೂ ತೂಕ ಇಳಿಸಿಕೊಳ್ಳಿ ಎಂದು ಎಚ್ಚರಿಕೆ ಕೊಟ್ಟಿದ್ದರು.

ಕೋಲಾರದ ಅಂಗಡಿಗೆ ನಾನೂ ಹೋದೆ. ಅಳಿಯ ಒಳಗೆ ಬರುತ್ತಿದ್ದಂತೆ ಅಂಗಡಿಯವನು ತೆಳ್ಳನೆ ಸೈಕಲ್ಲುಗಳನ್ನು ಹಿಂದಕ್ಕೆ ತಳ್ಳಿದ. ಸಾರ್‌ಗೆ ಹೊಲ ಉಳುವ ಟಿಲ್ಲರ್ ಸರಿಹೋಗುತ್ತದೆ ಎಂದು ನಕ್ಕ ಬೇರೆ! ಮೈಯೆಲ್ಲ ಉರಿದುಹೋಯಿತು. ದಪ್ಪಗಿರುವವರು ಸೈಕಲ್ ತುಳಿಯಬಾರದೆಂದು ಕಾನೂನಿದೆಯೇ?

"ಕೂರಕ್ಕೆ ಕೊಟ್ಟ ಸ್ಟೂಲು ತಡ್ಕೊಂಡೈತೆ, ನಿನ್ನ ಸೈಕಲ್ ತಡ್ಕೊಳಲ್ವಾ? ಹಂಗಾದ್ರೆ ಸ್ಟೂಲಿಗೇ ಚಕ್ರ ಹಾಕ್ಕೊಡಪ್ಪ" ಎಂದೆ.

ಅಳಿಯದೇವರಿಗೆ ಕೋಪವೇ ಇಲ್ಲ! ನೆಲಕ್ಕೆ ಕೂತು ಹಿಂದಿನ ಚಕ್ರದ ಕಡ್ಡಿಗಳನ್ನು ಎರಡು ಬೆರಳಲ್ಲಿ ಹಿಡಿದು ಒಂದೊಂದಾಗಿ ಅದುಮುತ್ತಿದ್ದರು. ಸಂತೆಯಲ್ಲಿ ನಾನು ಬದನೆಕಾಯಿಯನ್ನೂ ಇಷ್ಟು ಹೊತ್ತು ಅದುಮಿಲ್ಲ. ಆಮೇಲೆ ಚಕ್ರ ತಿರುಗಿಸಿ, ಓಲಾಡುತ್ತದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುವುದು. ಈ ಮೊದಲು ಎರಡು ಸೈಕಲ್ಲುಗಳ ಚಕ್ರ ಇವರ ಭಾರಕ್ಕೆ ಸೊಟ್ಟಗಾಗಿದ್ದವು ನೋಡಿ, ಆ ಭಯ. ಮುಂದಿನ ಚಕ್ರಕ್ಕೆ ಸ್ಪ್ರಿಂಗು ಬೇಡವಂತೆ, ಗೇರು ಕಡಿಮೆಯಿದ್ದರೂ ಆಯಿತಂತೆ; ಆ ದುಡ್ಡೆಲ್ಲ ಎರಡು ಪದರದ ರಿಮ್ಮಿಗೆ, ಒತ್ತೊತ್ತಾದ ಕಡ್ಡಿಗೆ, ದಪ್ಪ ಟೈರಿಗೆ ಹೋಗಬೇಕಂತೆ. ಕೋಲಾರ ಮುಗಿಸಿ ಶ್ರೀನಿವಾಸಪುರ, ಅಲ್ಲಿಂದ ಮಾಲೂರು. ಹೆಣ್ಣು ನೋಡಲು ಬಂದಾಗ ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಒಪ್ಪಿದ ಮನುಷ್ಯ! ನನ್ನ ಮಗಳಿಗಿಂತ ಚಕ್ರ ಹೆಚ್ಚೇ?

ಕೊನೆಗೆ ಮಾಲೂರಿನಲ್ಲಿ ಒಂದು ಒಪ್ಪಿಗೆಯಾಯಿತು.

ಇವತ್ತು ಮಗು ಹುಟ್ಟಿತೆಂದು ಫೋನ್ ಮಾಡಿದರೆ ಮೊದಲ ಬಸ್ಸು ಹತ್ತಬೇಕೋ ಬೇಡವೋ? ಅವರ ಮನೆಯಿರುವ ಕೋಲಾರದಿಂದ ಹೈವೇಯಲ್ಲಿ ಆ ಸೈಕಲ್ ತುಳಿದುಕೊಂಡೇ ಬಂದರು! ಬೈಯಲು ಬಾಯಿ ತೆರೆದೆ. ಆಗ ಕಣ್ಣಿಗೆ ಬಿತ್ತು: ಮದುವೆಯಲ್ಲಿ ಗುಂಡಿ ಹಾಕಲಾಗದಿದ್ದ ಅಂಗಿ ಮೈಮೇಲೆ ಜೋಲುತ್ತಿದೆ.

ಕೈಕಾಲು ತೊಳೆದು ಬಂದರು. ಮಗುವನ್ನು ಎತ್ತಿಕೊಳ್ಳಲು ಹೆದರಿಕೆ. ಮಂಚದ ಪಕ್ಕ ನೆಲಕ್ಕೆ ಕೂತು, ಅದರ ಬೆರಳುಗಳನ್ನು ಎರಡು ಬೆರಳಲ್ಲಿ ಹಿಡಿದು ಒಂದೊಂದಾಗಿ, ಅದುಮಿದರೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ, ನೋಡಿದರು.

"ಎಲ್ಲಾ ಗಟ್ಟಿಗಿವೆ ಅತ್ತೆ" ಎಂದರು.

ಸಂಜೆ ಆಸ್ಪತ್ರೆಯ ಕೋಣೆಯಲ್ಲೇ ಎಲ್ಲರೂ ಊಟಕ್ಕೆ ಕೂತೆವು. ಮಗಳು ಮಂಚದ ಮೇಲೆ ಮೆಣಸಿನ ಸಾರು ಅನ್ನ, ನಾವು ಕೆಳಗೆ ಮುದ್ದೆ ಬಸ್ಸಾರು. ಅಳಿಯನಿಗೆ ಎರಡನೇ ಮುದ್ದೆ ಹಾಕಹೋದೆ. ತಟ್ಟೆಗೆ ಕೈ ಅಡ್ಡ ಇಟ್ಟರು.

"ಬೇಡ ಅತ್ತೆ. ಇವಳನ್ನ ಸ್ಕೂಲಿಗೆ ಬಿಡೋಕೆ ನಾನಿರ್ಬೇಕು."

ಅಳಿಯ ಬೇಡವೆಂದಾಗ ಬಲವಂತ ಮಾಡದ ಅತ್ತೆ ನಮ್ಮ ಕಡೆ ಹುಟ್ಟಿಲ್ಲ. ಇವತ್ತು ಮಾತ್ರ ಆ ಮುದ್ದೆಯನ್ನು ನನ್ನ ತಟ್ಟೆಗೇ ಹಾಕಿಕೊಂಡು ನುಂಗಿದೆ.