ಹೊಗೆ ನಿಲ್ಲಿಸಿ, ಸಾಧ್ಯವಾದಲ್ಲಿ

ವೈಜಯಂತಿ: ಹಾಕಲ್ಲ ಅಂದ್ರೆ ಹಾಕಲ್ಲ. ಇನ್ನೊಂದು ಸಲ ಆ ಫೋನನ್ನ ನನ್ನ ಮೂಗಿನ ಮುಂದೆ ಹಿಡೀಬೇಡಿ.

ಬಸವಲಿಂಗಪ್ಪ: ನಿನ್ನ ಗಂಟಲಿಗೋಸ್ಕರಾನೇ ಬರೆದಿರೋ ಅರ್ಜಿ ಕಣೇ ಇದು! ಕಟ್ಟಿಕೊಂಡ ಹೆಂಡತೀನೇ ಸಹಿ ಹಾಕದಿದ್ರೆ ಬೇರೆಯವರು ಯಾಕೆ ಹಾಕ್ತಾರೆ?

ವೈಜಯಂತಿ: ಅದರಲ್ಲಿ ಏನಿದೆ ಅಂತ ನೀವೇ ಒಂದು ಸಲ ಗಟ್ಟಿಯಾಗಿ ಓದಿ. ಆಮೇಲೆ ಕೇಳಿ.

ಬಸವಲಿಂಗಪ್ಪ: ನಾನೇ ಬರೆದಿದ್ದನ್ನ ನಾನೇ ಯಾಕೆ ಓದಲಿ?

ವೈಜಯಂತಿ: ಅಚ್ಛಾ! ಬರೆದವರಿಗೇ ಓದೋಕೆ ಬೇಜಾರಾದ್ರೆ, ಆ ಮದುವೆ ಹಾಲ್‌ನವರು ಓದ್ತಾರಾ?

ಗ್ರೇಟರ್ ನೋಯ್ಡಾದ ಅಪಾರ್ಟ್‌ಮೆಂಟೊಂದರ ಮೂರನೇ ಮಹಡಿಯಲ್ಲಿ ಶನಿವಾರ ಮಧ್ಯಾಹ್ನ ನಡೆದ ಜಗಳವಿದು. ಬಾಲ್ಕನಿಯ ಎದುರಿಗೇ ಒಂದು ದೊಡ್ಡ ಬ್ಯಾಂಕ್ವೆಟ್ ಹಾಲ್. ಚಳಿ ಶುರುವಾಯಿತೆಂದರೆ ಅಲ್ಲಿ ದಿನವೂ ಮದುವೆ. ಒಂದು ಮದುವೆಯ ಪ್ಲಾಸ್ಟಿಕ್ ತಟ್ಟೆ, ಥರ್ಮಕೋಲ್ ಮಂಟಪ, ಬಾಡಿದ ಹೂವು ಎಲ್ಲವನ್ನೂ ಹಿತ್ತಿಲಲ್ಲಿ ಗುಡ್ಡೆ ಹಾಕಿ, ಮರುದಿನ ಸಂಜೆ ಮುಂದಿನ ದಿಬ್ಬಣ ಬರುವುದರೊಳಗೆ ಬೆಂಕಿ ಕೊಡುತ್ತಿದ್ದರು. ಹೊಗೆ ಅಡ್ರೆಸ್ ಕೇಳಿಕೊಂಡು ಬಂದಂತೆ ನೇರ ಇವರ ಮನೆಗೇ ಬರುತ್ತಿತ್ತು. ಈ ಕಾಲದಲ್ಲಿ ದೆಹಲಿಯ ಕಡೆಯ ಗಾಳಿ ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು. ಅದರ ಮೇಲೆ ಇದೊಂದು ಒಗ್ಗರಣೆ.

ಬೇರೆಯವರಾದರೆ ಕಿಟಕಿ ಮುಚ್ಚಿಕೊಂಡು ಸುಮ್ಮನಿರುತ್ತಿದ್ದರೇನೋ. ಆದರೆ ವೈಜಯಂತಿ ವಚನ ಹಾಡುವವಳು. ಎಷ್ಟೋ ವರ್ಷ ಗುಂಪಿನ ಹಿಂದಿನ ಸಾಲಿನಲ್ಲಿ ನಿಂತು ದನಿಗೂಡಿಸಿದ್ದಳು. ನಾಳೆ, ಕರೋಲ್ ಬಾಗಿನಲ್ಲಿ ಸೇರುವ ಕನ್ನಡದವರ ಕೂಟದಲ್ಲಿ, ಮೊದಲ ಬಾರಿಗೆ ಅವಳೊಬ್ಬಳದೇ ಹಾಡುಗಾರಿಕೆ. ವಾರದಿಂದ ಅವಳ ದನಿ ಮೇಲಿನ ಷಡ್ಜದ ಹತ್ತಿರ ಹೋಗುವುದು, ಕೆಮ್ಮನ್ನು ಕಂಡು ಹೆದರಿ ಕೆಳಗಿಳಿಯುವುದು, ಇದೇ ಆಗಿತ್ತು. ಇವತ್ತೊಂದು ಸಂಜೆ ಹೊಗೆ ಕುಡಿದರೆ ನಾಳೆ ಹಾಡು ಇಲ್ಲ.

ಗಂಡನಾದ ಬಸವಲಿಂಗಪ್ಪ ಕೈಕಟ್ಟಿ ಕೂತಿರಲಿಲ್ಲ. ಅವನು ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ಸಾರ್ವಜನಿಕರ ಅರ್ಜಿಗಳಿಗೆ ಉತ್ತರ ಬರೆಯುವುದೇ ಅವನ ಸೆಕ್ಷನ್ನಿನ ಕೆಲಸ. ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲಿಗ. ಹುಡುಗನಾಗಿದ್ದಾಗ ಊರವರಿಗೆಲ್ಲ ಬಸ್ಸಿಗೆ, ಬೋರ್‌ವೆಲ್ಲಿಗೆ ಅರ್ಜಿ ಬರೆದುಕೊಡುತ್ತಿದ್ದ. ಅರ್ಜಿಯ ಎರಡು ತುದಿಯನ್ನೂ ಬಲ್ಲವನು ತನ್ನನ್ನು ಬಿಟ್ಟರೆ ಇಲ್ಲ ಎಂಬ ಹೆಮ್ಮೆ ಅವನಿಗೆ ಒಳಗೊಳಗೇ ಇತ್ತು. ಈಗ ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು ಓದಿದ.

ಬಸವಲಿಂಗಪ್ಪ: "ಹಾಲ್‌ನ ಆಡಳಿತದವರು ಹಾಗೂ ಸಂಬಂಧಪಟ್ಟ ಅಧಿಕಾರಿಗಳು, ಲಭ್ಯ ಸಂಪನ್ಮೂಲಗಳ ಮಿತಿಯಲ್ಲಿ, ಕಾರ್ಯಸಾಧ್ಯತೆಗೆ ಒಳಪಟ್ಟು, ಹೊಗೆಯ ಪ್ರಮಾಣವನ್ನು ಸಾಧ್ಯವಾದಲ್ಲಿ ಕಡಿಮೆಗೊಳಿಸುವ ಕುರಿತು ಪರಿಶೀಲಿಸುವ ಅಗತ್ಯವನ್ನು ಗಮನಿಸಬಹುದೆಂದು ವಿನಂತಿ." ಏನು ತಪ್ಪಿದೆ ಹೇಳು.

ವೈಜಯಂತಿ: ಬೆಂಕಿ ಹಚ್ಚಬೇಡಿ ಅಂತ ಎಲ್ಲಿದೆ?

ಬಸವಲಿಂಗಪ್ಪ: ಒಳಗಡೆ ಇದೆ.

ವೈಜಯಂತಿ: ಎಲ್ಲಿ ಒಳಗಡೆ? ಈರುಳ್ಳಿ ಸುಲಿದ ಹಾಗೆ ಸುಲೀಬೇಕಾ?

ಬಸವಲಿಂಗಪ್ಪ: ನಿನಗೆ ಆಫೀಸು ಗೊತ್ತಿಲ್ಲ ವೈಜು. ಏಕ್‌ದಂ "ನಿಲ್ಲಿಸಿ" ಅಂತ ಬರೆದರೆ ಓದೋ ಅಧಿಕಾರಿ ಗತಿ ಏನು? ಒಂದೋ ನಿಲ್ಲಿಸಬೇಕು, ಇಲ್ಲ ನಿಲ್ಲಿಸಲ್ಲ ಅನ್ನಬೇಕು. ಪಾಪ, ಅವನಿಗೂ ಮನೆ ಇದೆ, ಮಕ್ಕಳಿದ್ದಾರೆ, ಮೆಟ್ರೋ ಹಿಡೀಬೇಕು.

ವೈಜಯಂತಿ: ರೀ, ನೀವು ಯಾರ ಕಡೆ?

ಬಸವಲಿಂಗಪ್ಪ: ನಾನು ಎರಡೂ ಕಡೆಯಿಂದ ನೋಡಿ ಬರೆದಿದ್ದೀನಿ.

ವೈಜಯಂತಿ: ನೋಡಿದ್ದು ಎರಡು ಕಡೆಯಿಂದ. ಕೆಮ್ಮೋದು ಮಾತ್ರ ಒಂದೇ ಕಡೆ.

ಇಷ್ಟು ಹೇಳಿ ಅವಳು ನಿಜವಾಗಿಯೇ ಕೆಮ್ಮಿದಳು. ಬಸವಲಿಂಗಪ್ಪ ಓಡಿಹೋಗಿ ಬಿಸಿನೀರು ತಂದ. ಅವನ ಪ್ರೀತಿಯ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ, ತೊಂದರೆಯೆಲ್ಲ ಭಾಷೆಯದ್ದು. ಮದುವೆಯ ಹೊಸತರಲ್ಲಿ ಅವಳು ತವರಿಗೆ ಹೋಗಬೇಕೆಂದಾಗಲೂ "ನಿನ್ನ ಕೋರಿಕೆ ನನ್ನ ಗಮನದಲ್ಲಿದೆ" ಎಂದಿದ್ದವನು.

ಅಷ್ಟರಲ್ಲಿ ಮಗಳು ಸಿಂಚನಾ ತನ್ನ ಕೋಣೆಯಿಂದ ಫೋನ್ ಹಿಡಿದು ಬಂದಳು. ದೆಹಲಿಯಲ್ಲೇ ಹುಟ್ಟಿ ಬೆಳೆದ ಕಾಲೇಜು ಹುಡುಗಿ. ಅರ್ಜಿಯನ್ನು ಅಪ್ಪ ಹಿಂದಿಗೂ ಇಳಿಸಿಕೊಟ್ಟಿದ್ದ. ಅದನ್ನು ನಿನ್ನೆ ಇಂಟರ್‌ನೆಟ್ಟಿಗೆ ಏರಿಸಿದವಳು ಅವಳೇ.

ಸಿಂಚನಾ: ಅಪ್ಪಾ! ನಿಮ್ ಪೆಟಿಷನ್‌ಗೆ ಸಿಗ್ನೇಚರ್ ಬಹುತ್ ಆ ರಹೇ ಹೈಂ! ಸೀರಿಯಸ್ಲೀ!

ಬಸವಲಿಂಗಪ್ಪ: ನೋಡಿದ್ಯಾ? ನೋಡಿದ್ಯಾ ವೈಜು? ಜನಕ್ಕೆ ಅರ್ಥ ಆಗತ್ತೆ. ಮನೆಯವರಿಗೇ ಆಗಲ್ಲ. ಯಾರ್ಯಾರು ಹಾಕಿದ್ದಾರೆ ಪುಟ್ಟಿ?

ಸಿಂಚನಾ: ನಮ್ ಕೆಳಗಿನ ಫ್ಲ್ಯಾಟ್ ಅಂಕಲ್.

ವೈಜಯಂತಿ: ದಿನಾ ಬೆಳಿಗ್ಗೆ ಒಣಗಿದ ಎಲೆ ಸುಡ್ತಾರಲ್ಲ, ಅವರಾ?

ಸಿಂಚನಾ: ಹಾಂ, ವಹೀ. ಆಮೇಲೆ ಜನರೇಟರ್ ರೆಂಟ್‌ಗೆ ಕೊಡೋ ಭಯ್ಯಾ. ಕಾರ್ನರ್ ತಂದೂರ್‌ವಾಲಾ. ಆ ಹೊಸ ಟವರ್ ಕಟ್ತಾ ಇದ್ದಾರಲ್ಲ, ಧೂಳು ಬರತ್ತಲ್ಲ, ಆ ಬಿಲ್ಡರ್ ಆಫೀಸ್‌ನವರೂ ಕಮೆಂಟ್ ಹಾಕಿದ್ದಾರೆ. "ವಾಸ್ತವಿಕ ದೃಷ್ಟಿಯ ಅರ್ಜಿ" ಅಂತೆ.

ವೈಜಯಂತಿ: ಒಟ್ಟಿನಲ್ಲಿ ಹೊಗೆ ಬಿಡೋರೆಲ್ಲ ಸಹಿ ಹಾಕಿದ್ದಾರೆ.

ಬಸವಲಿಂಗಪ್ಪ: ಮನಃಪರಿವರ್ತನೆ ಆಗಿದೆ ಅಂತ ಯಾಕೆ ತಿಳ್ಕೋಬಾರದು?

ವೈಜಯಂತಿ: ಆಗಿದ್ದರೆ ತಂದೂರಿನ ವಾಸನೆ ಈಗ ಬರ್ತಾ ಇರ್ಲಿಲ್ಲ.

ಆಗ ಬಾಗಿಲಿನ ಬೆಲ್ ಆಯಿತು. ಸಿಂಚನಾ ಬಾಗಿಲ ಕಿಂಡಿಯಲ್ಲಿ ಇಣುಕಿ ನೋಡಿ, ಎದುರಿನ ಹಾಲ್‌ನ ಮ್ಯಾನೇಜರ್ ಮನೋಜ್ ಬಂದಿದ್ದಾನೆಂದಳು. ಬಸವಲಿಂಗಪ್ಪನ ಮುಖ ಬಿಳಿಚಿತು.

ಬಸವಲಿಂಗಪ್ಪ: ನಾನು ಮನೇಲಿಲ್ಲ ಅಂತ ಹೇಳು.

ಸಿಂಚನಾ: ಅಪ್ಪಾ, ಅವನು ನಿಮ್ ಚಪ್ಪಲಿ ನೋಡ್ತಿದ್ದಾನೆ.

ಬಸವಲಿಂಗಪ್ಪ: ಸರ್ಕಾರಿ ನೌಕರ ನಾನು! ಜಗಳ ಗಿಗಳ ಆದ್ರೆ ನಡತೆ ನಿಯಮದ ಪ್ರಕಾರ... ವೈಜು, ನೀನು ಮುಂದೆ ನಿಂತ್ಕೋ. ಅಲ್ಲ, ಸಾಧ್ಯವಾದರೆ.

ವೈಜಯಂತಿಯೇ ಬಾಗಿಲು ತೆರೆದಳು. ಮನೋಜನ ಕೈಯಲ್ಲಿ ದೊಣ್ಣೆಯಿರಲಿಲ್ಲ, ಮಿಠಾಯಿ ಡಬ್ಬವಿತ್ತು. ಒಳಗೆ ಬಂದವನೇ ಬಸವಲಿಂಗಪ್ಪನ ಕಾಲು ಮುಟ್ಟಿದ. ಅವನು ಮಾತಾಡಿದ್ದೆಲ್ಲ ಹಿಂದಿಯಲ್ಲಿ. ಇಲ್ಲಿ ಕನ್ನಡದಲ್ಲಿ ಕೊಟ್ಟಿದೆ.

ಮನೋಜ್: ಸಾಬ್, ಆ ಅರ್ಜಿ ತಾವೇ ಬರೆದಿದ್ದು ತಾನೇ? ನಮ್ಮ ಮಾಲಿಕ್‌ರಿಗೆ ಬಹಳ ಹಿಡಿಸಿತು ಸಾಬ್! ಇಷ್ಟು ಮರ್ಯಾದೆಯಿಂದ ನಮಗೆ ಇದುವರೆಗೂ ಯಾರೂ ಬೈದಿಲ್ಲ.

ಬಸವಲಿಂಗಪ್ಪ: ಹೌದಾ? ಕೂತ್ಕೊಳ್ಳಿ, ಕೂತ್ಕೊಳ್ಳಿ.

ಮನೋಜ್: ಮಾಲಿಕ್ ಖುದ್ದಾಗಿ ಸಹಿ ಹಾಕಿದ್ದಾರೆ. ಅಡಿಗೆಯವರು, ಡೆಕೋರೇಷನ್‌ನವರು, ಎಲ್ಲರ ಕೈಲೂ ಹಾಕಿಸಿದ್ದೀವಿ. ಗೇಟ್ ಹತ್ತಿರ ಬ್ಯಾನರ್ ಕಟ್ಟಿಸ್ತೀವಿ, "ಸ್ವಚ್ಛ ಗಾಳಿಯ ಅರ್ಜಿಗೆ ನಮ್ಮ ಬೆಂಬಲ" ಅಂತ. ತಮ್ಮದೊಂದು ಫೋಟೋ ಬೇಕಿತ್ತು ಸಾಬ್. ಕೋಟ್ ಹಾಕಿದ್ದು.

ಬಸವಲಿಂಗಪ್ಪನಿಗೆ ಕೋಪ ಬರಬೇಕಿತ್ತು. ಬರಲಿಲ್ಲ. ಇಷ್ಟು ವರ್ಷದ ಸರ್ವಿಸಿನಲ್ಲಿ ಅವನ ಒಂದೇ ಒಂದು ವಾಕ್ಯವನ್ನು ಯಾರೂ ಹೊಗಳಿರಲಿಲ್ಲ. ಯಾವ ಕೋಟ್ ಇಸ್ತ್ರಿಯಾಗಿದೆಯೆಂದು ಅವನ ಮನಸ್ಸು ಆಗಲೇ ಬೀರುವಿನ ಕಡೆ ನಡೆದಿತ್ತು. ವೈಜಯಂತಿ ಅದನ್ನು ಅರ್ಧ ದಾರಿಯಲ್ಲೇ ತಡೆದಳು.

ವೈಜಯಂತಿ: ಮಿಠಾಯಿ ಆಮೇಲಾಗಲಿ ಭಯ್ಯಾ. ಇವತ್ತು ಸಂಜೆ ಬೆಂಕಿ ಹಚ್ಚಲ್ಲ ತಾನೇ?

ಮನೋಜ್: ಇವತ್ತಾ? ಇವತ್ತು ದೊಡ್ಡ ಮದುವೆ ಬೆಹನ್‌ಜೀ. ನಿನ್ನೆಯ ಕಸ ಬೆಟ್ಟದಷ್ಟಿದೆ. ಕಾರ್ಯಸಾಧ್ಯತೆ ಇಲ್ಲ.

ಬಸವಲಿಂಗಪ್ಪ: ಅಂದ್ರೆ?

ಮನೋಜ್: ತಾವೇ ಬರೆದಿದ್ದೀರಲ್ಲ ಸಾಬ್, ಕಾರ್ಯಸಾಧ್ಯತೆಗೆ ಒಳಪಟ್ಟು ಅಂತ. ಮೀಟಿಂಗ್ ಮಾಡಿ ನೋಡಿದ್ವಿ. ಇಲ್ಲ.

ಬಸವಲಿಂಗಪ್ಪ: ಹಾಗಲ್ಲ... ಅದರಲ್ಲಿ ಸಾಧ್ಯವಾದಲ್ಲಿ ಅಂದ್ರೆ...

ಮನೋಜ್: ಸಾಧ್ಯವಾಗಲಿಲ್ಲ ಸಾಬ್.

ಬಸವಲಿಂಗಪ್ಪ: ಪರಿಶೀಲಿಸಬೇಕು ಅಂತಲೂ ಇದೆ!

ಮನೋಜ್: ಪರಿಶೀಲಿಸಿದ್ವಿ ಸಾಬ್. ಅಗತ್ಯವನ್ನ ಗಮನಿಸಿಯೂ ಆಯ್ತು. ಅರ್ಜೀಲಿ ಇದ್ದಿದ್ದು ಒಂದೂ ಬಿಟ್ಟಿಲ್ಲ.

ಬಸವಲಿಂಗಪ್ಪ ಸೋಫಾದಲ್ಲಿ ಹಾಗೇ ಹಿಂದಕ್ಕೆ ಒರಗಿದ. ಈ ಉತ್ತರ ಅವನಿಗೆ ಹೊಸದೇನಲ್ಲ. ಲೆಕ್ಕವಿಲ್ಲದಷ್ಟು ಜನಕ್ಕೆ ಇದನ್ನೇ ಕಳಿಸಿದ್ದ, ಕೆಳಗೆ "ತಮ್ಮ ವಿಶ್ವಾಸಿ" ಎಂದು ಬರೆದು ಸಹಿ ಮಾಡಿದ್ದ. ಪಡೆಯುವ ಕಡೆ ಕೂತಿದ್ದು ಮಾತ್ರ ಇದೇ ಮೊದಲು. ಇಲ್ಲಿ ಕೂತರೆ ಹೀಗಿರುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಬಹುಶಃ ಹೇಳಿದ್ದರು, ಅವನು ಅದಕ್ಕೂ ಉತ್ತರ ಕಳಿಸಿದ್ದ.

ವೈಜಯಂತಿ ಎದ್ದು ಶಾಲು ಹೊದ್ದಳು. ಮೂಲೆಯಲ್ಲಿದ್ದ ಶ್ರುತಿಪೆಟ್ಟಿಗೆ ಎತ್ತಿಕೊಂಡಳು.

ವೈಜಯಂತಿ: ಚಲೋ ಭಯ್ಯಾ.

ಮನೋಜ್: ಎಲ್ಲಿಗೆ ಬೆಹನ್‌ಜೀ?

ವೈಜಯಂತಿ: ನಿಮ್ಮ ಹಾಲ್‌ಗೆ. ನಾಳೆ ನಾನು ಹಾಡಬೇಕು, ಇವತ್ತು ಸಂಜೆ ಅಭ್ಯಾಸ ಆಗ್ಲೇಬೇಕು. ಇಲ್ಲಿ ಹೊಗೆ. ನಿಮ್ಮಲ್ಲಿ ಗಾಳಿ ಶುದ್ಧ ಮಾಡೋ ಮೆಷಿನ್ ಇದೆ ಅಂತ ನೀವೇ ಬೋರ್ಡ್ ಹಾಕಿದ್ದೀರಿ. ವೇದಿಕೆ ಪಕ್ಕ ಒಂದು ಕುರ್ಚಿ ಸಾಕು.

ಮನೋಜ್: ಅಲ್ಲಿ ಡಿಜೆ ಇರ್ತಾನೆ!

ವೈಜಯಂತಿ: ಇರಲಿ ಬಿಡಿ, ಅವನ ಮೈಕ್ ಸ್ವಲ್ಪ ಹೊತ್ತು ಇಸ್ಕೋತೀನಿ.

ಮನೋಜ್: ಏನು... ಭಜನೆ ಹಾಡ್ತೀರಾ?

ವೈಜಯಂತಿ: ವೈರಾಗ್ಯದ ವಚನಗಳು. ಸಂಸಾರ ಎಷ್ಟು ಕಷ್ಟ, ಈ ದೇಹ ಎಷ್ಟು ದಿನದ್ದು, ಹೆಂಡತಿ ಮಕ್ಕಳು ಕೊನೆಗೆ ಯಾರೂ ಜೊತೆಗೆ ಬರಲ್ಲ, ಇಂಥವೇ. ಕನ್ನಡ ತಿಳಿಯಲ್ಲ ಅಂತ ಯೋಚಿಸಬೇಡಿ. ಮದುಮಗನಿಗೆ ಒಂದೊಂದರ ಅರ್ಥವನ್ನೂ ಹಿಂದೀಲಿ ಬಿಡಿಸಿ ಹೇಳ್ತೀನಿ.

ಮನೋಜ್: ಬೆಹನ್‌ಜೀ, ಹುಡುಗಿ ತಂದೆ ಪೊಲೀಸ್‌ನಲ್ಲಿದ್ದಾರೆ!

ವೈಜಯಂತಿ: ಒಳ್ಳೇದಾಯ್ತು. ಹೊಗೆ ವಿಷಯ ಅವರಿಗೂ ಹೇಳ್ತೀನಿ, ಒಂದು ವಚನಕ್ಕೂ ಇನ್ನೊಂದಕ್ಕೂ ಮಧ್ಯೆ. ಸಿಂಚನಾ, ತಾಳ ತಗೊಂಡು ಬಾ.

ಸಿಂಚನಾ: ಅಮ್ಮಾ, ನಾನು ಲೈವ್ ಮಾಡ್ತೀನಿ! ಮಜಾ ಆಯೇಗಾ!

ಮನೋಜ್ ಬಾಗಿಲಿಗೆ ಅಡ್ಡ ನಿಂತು ಫೋನ್ ತೆಗೆದ. "ಅರೇ ಕೇಳು, ಕಸಕ್ಕೆ ಬೆಂಕಿ ಹಚ್ಚಬೇಡ! ಬಿಲ್ಕುಲ್ ಬೇಡ! ಟೆಂಪೋದಲ್ಲಿ ತುಂಬಿಸು, ಈಗಲೇ!" ಎಂದು ಕಿರುಚಿದ. ವೈಜಯಂತಿ ಶ್ರುತಿಪೆಟ್ಟಿಗೆಯನ್ನು ಮೆಲ್ಲನೆ ಕೆಳಗಿಟ್ಟಳು.

ಬಸವಲಿಂಗಪ್ಪ: ನೋಡಿದ್ಯಾ! ಕೊನೆಗೂ ಅರ್ಜಿ ಕೆಲಸ ಮಾಡ್ತು!

ವೈಜಯಂತಿ: ಅರ್ಜಿನಾ?

ಬಸವಲಿಂಗಪ್ಪ: ಅಂದ್ರೆ... ಭಾಗಶಃ. ಅದಿರಲಿ ಮನೋಜ್, ಟೆಂಪೋ ಎಲ್ಲಿಗೆ ಹೋಗತ್ತೆ?

ಮನೋಜ್: ಮುಂದಿನ ಸೆಕ್ಟರ್‌ಗೆ ಸಾಬ್. ಅಲ್ಲೊಂದು ಖಾಲಿ ಸೈಟಿದೆ. ಸುರಿದು ಬಂದ್ರೆ ಆಯ್ತು. ಆಮೇಲೆ ಸುಡೋದೋ ಬಿಡೋದೋ, ಅಲ್ಲಿನವರು ನೋಡ್ಕೋತಾರೆ. ನಮ್ಮ ಕಡೆಯಿಂದ ಮುಗೀತು.

ಸಿಂಚನಾ ಫೋನಿನಿಂದ ತಲೆಯೆತ್ತಿ ಅಪ್ಪನ ಕಡೆ ತಿರುಗಿದಳು.

ಸಿಂಚನಾ: ಅಪ್ಪಾ, ಇದು ನೀವು ಆಫೀಸ್‌ನಲ್ಲಿ ಅರ್ಜಿನ ಬೇರೆಯವರಿಗೆ ಫಾರ್ವರ್ಡ್ ಮಾಡ್ತೀರಲ್ಲ, ಹಾಗೇ...

ಬಸವಲಿಂಗಪ್ಪ: ಗೊತ್ತಾಯ್ತಮ್ಮ. ಬಿಡಿಸಿ ಹೇಳೋದು ಬೇಡ.

ಅವನು ಎದ್ದು ಮಾಸ್ಕ್ ಹಾಕಿಕೊಂಡ. ಮಫ್ಲರ್ ಸುತ್ತಿಕೊಂಡ. ಮನೋಜ್ ಅಷ್ಟೊತ್ತು ನೋಡುತ್ತಿದ್ದ ಚಪ್ಪಲಿ ಮೆಟ್ಟಿದ.

ವೈಜಯಂತಿ: ರೀ, ನೀವೆಲ್ಲಿಗೆ?

ಬಸವಲಿಂಗಪ್ಪ: ಟೆಂಪೋ ಜೊತೆಗೆ. ಮುಂದಿನ ಸೆಕ್ಟರ್‌ನಲ್ಲೂ ಯಾರೋ ಹಾಡೋರು ಇರ್ತಾರೆ. ಕಸ ಹಾಕೋಕೆ ಅಂತ ಸರಿಯಾದ ಜಾಗ ಇದ್ದೇ ಇರತ್ತೆ, ಮುಟ್ಟಿಸಿ ಬರ್ತೀನಿ. ನೀನು ಅಭ್ಯಾಸ ಮಾಡು.

ವೈಜಯಂತಿ ಬಾಲ್ಕನಿಯಿಂದ ನೋಡಿದಳು. ಟೆಂಪೋದ ಮುಂದಿನ ಸೀಟಿನಲ್ಲಿ ಡ್ರೈವರನ ಹೆಂಡತಿಯ ಸಾಮಾನಿನ ಚೀಲವಿತ್ತು. ಹಾಗಾಗಿ ಕೇಂದ್ರ ಸರ್ಕಾರದ ಸೆಕ್ಷನ್ ಆಫೀಸರ್ ಹಿಂದೆ, ಥರ್ಮಕೋಲ್ ಮಂಟಪದ ನಡುವೆ, ಮದುಮಗನಂತೆ ಕೂತು ಹೊರಟ.

ಸಂಜೆ ಬ್ಯಾಂಡಿನವರು ಬಂದರು, ದಿಬ್ಬಣ ಬಂತು, ಹೊಗೆ ಬರಲಿಲ್ಲ. ವೈಜಯಂತಿ ಕಿಟಕಿ ಮುಚ್ಚಿ ಹಾಡಿದಳು. ಮೇಲಿನ ಷಡ್ಜವನ್ನು ಮುಟ್ಟಿ, ಅಲ್ಲಿ ನಿಂತು, ಸುತ್ತಮುತ್ತ ನೋಡುವಷ್ಟು ಧೈರ್ಯ ದನಿಗೆ ಬಂದಿತ್ತು. ಆಗ ಫೋನ್ ಬಂತು.

ವೈಜಯಂತಿ: ಎಲ್ಲಿದ್ದೀರಿ? ಇನ್ನೂ ಆಗಿಲ್ವಾ?

ಬಸವಲಿಂಗಪ್ಪ: ಎರಡು ಕಡೆ ಹೋದ್ವಿ. ಒಬ್ಬರು ಇದು ನಮ್ಮ ವ್ಯಾಪ್ತಿಗೆ ಬರಲ್ಲ ಅಂದ್ರು. ಇನ್ನೊಬ್ಬರು ಮದುವೆ ಕಸ ತಗೊಳಲ್ಲ ಅಂದ್ರು. ಆಮೇಲೆ ಹೆಲ್ಪ್‌ಲೈನ್‌ಗೆ ಫೋನ್ ಮಾಡಿದೆ. ಬಹಳ ಮರ್ಯಾದೆಯಿಂದ ಮಾತಾಡಿದ್ರು ಪಾಪ.

ವೈಜಯಂತಿ: ಏನಂದ್ರು?

ಬಸವಲಿಂಗಪ್ಪ: ಸಂಬಂಧಪಟ್ಟವರಿಗೆ ಮುಟ್ಟಿಸಿ ಅಂದ್ರು.

ವೈಜಯಂತಿ: ಮತ್ತಿನ್ನೇನು, ಮುಟ್ಟಿಸಿ ಬೇಗ ಬನ್ನಿ. ಚಳಿ ಇದೆ.

ಬಸವಲಿಂಗಪ್ಪ: ಡ್ರೈವರೂ ಅದನ್ನೇ ಕೇಳ್ತಿದ್ದಾನೆ, ಗಾಡಿ ಯಾವ ಕಡೆ ತಿರುಗಿಸಲಿ ಅಂತ. ಏನು ಹೇಳಲಿ ವೈಜು? ನೌಕರಿ ಸೇರಿದಾಗಿಂದ ಈ ಸಂಬಂಧಪಟ್ಟವರಿಗೇ ಕಾಗದ ಕಳಿಸ್ತಾ ಬಂದಿದ್ದೀನಿ. ಅವರ ಮನೆ ಎಲ್ಲಿದೆ ಅಂತ ಒಂದು ದಿನವೂ ಕೇಳ್ಕೊಳ್ಳಲಿಲ್ಲ.